ಡ್ಯೂಟಿ ಚಾರ್ಟ್ ಗೋಡೆ ಮೇಲಿದೆಯಾ? ಬಾಗಲಕೋಟೆಯಲ್ಲಿ ಓದುತ್ತಾ ಮಾಡಿದ ಮೂರು ಕೆಲಸಗಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಆಸ್ಪತ್ರೆಗಳ ಹೆಸರಿಲ್ಲ. ನಾನಿನ್ನೂ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಎರಡನೇ ವರ್ಷದಲ್ಲಿದ್ದೇನೆ. ಬಾಗಲಕೋಟೆ ಅಷ್ಟೇನೂ ದೊಡ್ಡ ಊರಲ್ಲ. ಇವತ್ತು ಒಂದು ಆಸ್ಪತ್ರೆಯನ್ನು ಬೈದರೆ ನಾಳೆ ಸಂಜೆಯೊಳಗೆ ನವನಗರದ ಎಲ್ಲಾ ಸೆಕ್ಟರ್‌ಗಳಿಗೂ ಸುದ್ದಿ ಮುಟ್ಟಿರುತ್ತದೆ, ಅದರ ಮರುದಿನ ನಮ್ಮ ಪ್ರಿನ್ಸಿಪಾಲರ ಚೇಂಬರ್‌ಗೆ. ಹೆಸರು ಇಲ್ಲದಿದ್ದರೂ ನಡೆಯುತ್ತದೆ ಬಿಡಿ. ಎಲ್ಲಿ ಏನು ನೋಡಬೇಕು ಅಂತ ಗೊತ್ತಿದ್ದರೆ ಯಾವ ಆಸ್ಪತ್ರೆಯನ್ನಾದರೂ ಹತ್ತು ನಿಮಿಷದಲ್ಲಿ ಅಳೆಯಬಹುದು.

ಹೊಸ ಬ್ಯಾಚ್ ಬಂದ ತಕ್ಷಣ ಹಾಸ್ಟೆಲ್‌ನಲ್ಲಿ ಶುರುವಾಗುವ ಪ್ರಶ್ನೆ ಒಂದೇ. "ಅಕ್ಕಾ, ಕೆಲ್ಸ ಎಲ್ಲಿ ಸಿಗತೈತ್ರಿ? ಎಷ್ಟ್ ಕೊಡ್ತಾರ?" ಎಷ್ಟು ಕೊಡ್ತಾರೆ ಅನ್ನೋದು ತಪ್ಪು ಪ್ರಶ್ನೆ ಅಲ್ಲ. ನಾನೂ ಅದನ್ನೇ ಕೇಳಿದ್ದೆ. ಗುಳೇದಗುಡ್ಡದಲ್ಲಿ ಅಪ್ಪನದು ಎರಡು ಮಗ್ಗ, ಖಣ ನೇಯುತ್ತಾರೆ. ಅಪ್ಪ ನೇಯ್ದ ಖಣ ಎಷ್ಟು ಚೆಂದ ಅಂತ ಹೊಗಳುವವರು ಬಹಳ, ಹೊಗಳಿದವರೆಲ್ಲ ಕೊಂಡುಕೊಂಡಿದ್ದರೆ ನಾನು ರಾತ್ರಿ ಡ್ಯೂಟಿ ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಫೀಸು ಹೇಗೋ ಹೊಂದಿತು. ಹಾಸ್ಟೆಲ್ ಮೆಸ್ಸಿನ ದುಡ್ಡು ನಾನೇ ದುಡಿಯಬೇಕಿತ್ತು. ಅದಕ್ಕೇ ಮೊದಲ ವರ್ಷದ ದಸರಾ ಮುಗಿಯುತ್ತಿದ್ದ ಹಾಗೆ ನರ್ಸಿಂಗ್ ಅಸಿಸ್ಟೆಂಟ್ ಕೆಲಸ ಹುಡುಕಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ನರ್ಸಿಂಗ್ ಅಸಿಸ್ಟೆಂಟ್ ಅಂದರೆ ಸ್ಟಾಫ್ ನರ್ಸ್ ಅಲ್ಲ. ಕೆಲವು ಕಡೆ ಜಿಡಿಎ ಅನ್ನುತ್ತಾರೆ, ಜನರಲ್ ಡ್ಯೂಟಿ ಅಸಿಸ್ಟೆಂಟ್. ಹಾಸಿಗೆ ಬದಲಿಸೋದು, ಮೈ ಒರೆಸೋದು, ಬೆಡ್‌ಪ್ಯಾನ್ ಇಡೋದು, ಮಗ್ಗುಲು ತಿರುಗಿಸೋದು, ಟೆಂಪರೇಚರ್, ಪಲ್ಸ್, ಬಿಪಿ ನೋಡಿ ಬರೆಯೋದು, ಯೂರಿನ್ ಬ್ಯಾಗ್ ಅಳೆದು ಖಾಲಿ ಮಾಡೋದು, ಊಟ ಮಾಡಿಸೋದು, ಎಕ್ಸ್‌ರೇಗೆ ಕರೆದುಕೊಂಡು ಹೋಗೋದು. ಇಂಜೆಕ್ಷನ್ ಕೊಡೋದು ಇದರಲ್ಲಿ ಇಲ್ಲ. ಓದು ಮುಗಿದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿ ಆಗುವವರೆಗೂ ನಾವು ನರ್ಸ್ ಅಲ್ಲ, ರೋಗಿಗಳು ಎಷ್ಟೇ ಪ್ರೀತಿಯಿಂದ "ಸಿಸ್ಟರ್" ಅಂತ ಕರೆದರೂ ಅಷ್ಟೇ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ ಕಾಲೇಜಿನದು. ಪರೀಕ್ಷೆಗೆ ಕೂರಬೇಕಾದರೆ 80% ಹಾಜರಾತಿ ಬೇಕು. ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಕಾಲೇಜಿನ ಕಡೆಯಿಂದ ಆಸ್ಪತ್ರೆಯಲ್ಲಿ ಮಾಡುವ ತರಬೇತಿ, ಅಂತೂ ಸರ್ಟಿಫಿಕೇಟ್ ಕೈಗೆ ಬರುವ ಮೊದಲು 100% ತುಂಬಿಸಲೇಬೇಕು, ಒಂದು ದಿನ ತಪ್ಪಿದರೂ ಆಮೇಲೆ ಮಾಡಿಕೊಡಬೇಕು. ನೀವು ಸಂಬಳಕ್ಕೆ ಮಾಡಿದ ಡ್ಯೂಟಿ ಆ ಲೆಕ್ಕಕ್ಕೆ ಬರುವುದಿಲ್ಲ. "ಅಲ್ಲೂ ವಾರ್ಡು, ಇಲ್ಲೂ ವಾರ್ಡು" ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಕ್ಲಾಸ್ ಟೀಚರ್ ನಕ್ಕುಬಿಟ್ಟರು.

ಮೊದಲ ಕೆಲಸ: ಹಳೇ ಊರಿನ ಕಡೆ ಇರುವ ಒಂದು ಸಣ್ಣ ನರ್ಸಿಂಗ್ ಹೋಮ್. 18 ಬೆಡ್. ಇದಕ್ಕೆ ಐದರಲ್ಲಿ ಒಂದು ಸ್ಟಾರ್, ಆ ಒಂದೂ ಅಲ್ಲಿನ ಮುದುಕಿ ಆಯಾಗೆ.

ಸಂದರ್ಶನ ಐದು ನಿಮಿಷದ್ದು. ಮಾಲೀಕರು ಬಹಳ ಸಿಹಿಯಾಗಿ ಮಾತಾಡಿದರು. "ಓದೂ ಹುಡುಗಿ ಅಂತೀ, ಭಾಳ ಚೊಲೋ. ರಾತ್ರಿ ಏನೂ ಕೆಲ್ಸ ಇರೂದಿಲ್ಲ ನೋಡವಾ, ಆರಾಮ ಕುಂತು ಓದ್ಕೋ." ತಿಂಗಳಿಗೆ 7,000. ನನಗೆ ಅದು ಕೇಳಿದ ಖುಷಿಗೆ ಬೇರೇನೂ ಕೇಳಬೇಕು ಅಂತ ಹೊಳೆಯಲಿಲ್ಲ. ಎದ್ದು ಬರುವಾಗ ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಂದುಕೊಡು, ಇಲ್ಲಿ ಇಟ್ಟಿರುತ್ತೇವೆ ಅಂದರು. ಕೊಟ್ಟೆ. ಹೌದು, ಕೊಟ್ಟೆ. ನಗಬೇಡಿ, ನಮ್ಮ ಬ್ಯಾಚಿನಲ್ಲಿ ಹೀಗೆ ಕೊಟ್ಟವರು ನಾವು ನಾಲ್ಕು ಜನ ಇದ್ದೆವು.

ಅಲ್ಲಿ ಡ್ಯೂಟಿ ಚಾರ್ಟ್ ಅನ್ನೋದೇ ಇರಲಿಲ್ಲ. ಇದು ನನಗೆ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು, ಆದರೆ ಅದರ ಅರ್ಥ ಆಗಿದ್ದು ಎರಡು ತಿಂಗಳ ಮೇಲೆ. ಸಂಜೆ ಏಳಕ್ಕೋ ಏಳೂವರೆಗೋ ಫೋನ್ ಬರುತ್ತಿತ್ತು. "ಇವತ್ತ ನೀ ಬಾ." ನಾಳೆ ಅನಾಟಮಿ ಟೆಸ್ಟ್ ಇದೆ ಅಂದರೆ "ಅಲ್ಲೇ ಕುಂತು ಓದ್ಕೋ ಅಂದಿಲ್ಲೇನು?" ಅನ್ನೋದು. ಬೆಳಿಗ್ಗೆ ಎಂಟಕ್ಕೆ ಬಿಡಬೇಕು, ಬದಲಿಗೆ ಬರುವವಳು ಯಾರು ಅಂತಲೇ ಯಾರಿಗೂ ಗೊತ್ತಿರುತ್ತಿರಲಿಲ್ಲ. ಯಾರೂ ಬರೆದಿಟ್ಟಿಲ್ಲದ ಮೇಲೆ ಯಾರಿಗೆ ಗೊತ್ತಿರುತ್ತದೆ ಹೇಳಿ. ಒಂಬತ್ತು ಆಗುತ್ತಿತ್ತು, ಒಂಬತ್ತೂವರೆ ಆಗುತ್ತಿತ್ತು, ಒಂದು ಸಲ ಮಧ್ಯಾಹ್ನ ಎರಡರವರೆಗೂ ಇದ್ದೆ, ಹದಿನೆಂಟು ತಾಸು, ಕಾಲು ಊದಿ ಚಪ್ಪಲಿ ಹಾಕಿಕೊಳ್ಳಲು ಆಗಲಿಲ್ಲ, ಕಾಲೇಜಿಗೆ ಹೋಗುವ ಬದಲು ನವನಗರ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಒಂದು ಪ್ಲೇಟ್ ಮಿರ್ಚಿ ತಿಂದು ಅಳುತ್ತಾ ಹಾಸ್ಟೆಲ್‌ಗೆ ಬಂದೆ. ಖಾರಕ್ಕೆ ಅಳುತ್ತಿದ್ದೇನೆ ಅಂತ ಅಂಗಡಿಯವ ನೀರು ಕೊಟ್ಟ.

ಇನ್ನು "ರಾತ್ರಿ ಕೆಲಸ ಇರಲ್ಲ" ಅನ್ನೋ ಮಾತು. ಎರಡು ಮಹಡಿ, ಒಬ್ಬರೇ ಸ್ಟಾಫ್ ನರ್ಸ್, ಅವರು ಹೆರಿಗೆ ರೂಮಿಗೆ ಹೋದರೆ ಮಿಕ್ಕಿದ್ದಕ್ಕೆಲ್ಲ ನಾನೇ. ಮೂರನೇ ವಾರ ಒಂದು ರಾತ್ರಿ ಅವರು ಕೆಳಗಿನಿಂದಲೇ ಕೂಗಿ ಹೇಳಿದರು, ಏಳನೇ ಬೆಡ್‌ಗೆ ಆಂಟಿಬಯೋಟಿಕ್ ಹಾಕಿಬಿಡು ಅಂತ. ನಾನು ಆಗ ಫಂಡಮೆಂಟಲ್ಸ್ ಪುಸ್ತಕದಲ್ಲಿ ಹಾಸಿಗೆ ಹಾಕುವ ಪಾಠದಲ್ಲಿದ್ದೆ. ಟೆಸ್ಟ್ ಡೋಸ್ ಕೊಟ್ಟಿದ್ದಾರಾ? ಎಷ್ಟು ನೀರಿನಲ್ಲಿ ಕಲಸಬೇಕು? ಎಷ್ಟು ನಿಧಾನ ಬಿಡಬೇಕು? ಒಂದೂ ಗೊತ್ತಿಲ್ಲ. ನಾನು ಕೊಡಲಿಲ್ಲ, ಕೆಳಗೆ ಓಡಿಹೋಗಿ ನಿಂತುಕೊಂಡೆ. ಬೈಸಿಕೊಂಡೆ. ಆ ಸಿಸ್ಟರ್ ಕೆಟ್ಟವರಲ್ಲ, ಅವರಿಗೂ ಎರಡೇ ಕೈ. ಆದರೆ ಆ ಏಳನೇ ಬೆಡ್ಡಿನವರಿಗೆ ಏನಾದರೂ ಆಗಿದ್ದರೆ ಕೇಸಿನಲ್ಲಿ ಯಾರ ಹೆಸರು ಬರುತ್ತಿತ್ತು? ಕೊಡು ಅಂತ ಹೇಳಿದ್ದಕ್ಕೆ ಎಲ್ಲೂ ಬರವಣಿಗೆ ಇರುತ್ತಿರಲಿಲ್ಲ. ಕೊಟ್ಟ ಕೈ ನನ್ನದಾಗಿರುತ್ತಿತ್ತು.

ಅಲ್ಲಿ ನನಗೆ ಕಲಿಸಿದ್ದು ಆಯಾ ಒಬ್ಬಳೇ. ಓದು ಬರಹ ಇಲ್ಲ. ಸೊಂಟ ಹಿಡಿಯದ ಹಾಗೆ ಭಾರದ ರೋಗಿಯನ್ನು ಎಬ್ಬಿಸೋದು ಹೇಗೆ ಅಂತ ತೋರಿಸಿದಳು: ಮಂಚಕ್ಕೆ ಅಂಟಿ ನಿಲ್ಲು, ಮೊಣಕಾಲು ಬಗ್ಗಿಸು, ಬೆನ್ನು ಬಗ್ಗಿಸಬೇಡ, ಒಂದು ಎರಡು ಮೂರು ಅಂತ ರೋಗಿಗೂ ಕೇಳುವಂತೆ ಹೇಳು. ಆಮೇಲೆ ಕಾಲೇಜಿನಲ್ಲಿ ಬಾಡಿ ಮೆಕ್ಯಾನಿಕ್ಸ್ ಅಂತ ಪಾಠ ಬಂತು, ನೋಡಿದರೆ ಇದೇ.

ಹಾಜರಾತಿ 71%ಕ್ಕೆ ಇಳಿದಾಗ ಬಿಟ್ಟೆ. ಮಾರ್ಕ್ಸ್ ಕಾರ್ಡ್ ವಾಪಸ್ ಸಿಗಲು 40 ದಿನ ಓಡಾಡಿದೆ. ಕೊನೆಗೆ ಅಪ್ಪ ಮಗ್ಗ ಬಿಟ್ಟು ಬಂದು ಅವರ ಮುಂದೆ ಸುಮ್ನೆ ಕುಳಿತರು, ಒಂದು ಮಾತೂ ಜಗಳ ಆಡಲಿಲ್ಲ, ಹೊರಗೆ ಕಾಯುವ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಮೂರು ಗಂಟೆವರೆಗೆ. ಕೊಟ್ಟರು. ಒರಿಜಿನಲ್ ಯಾರಿಗೂ ಕೊಡಬೇಡಿ. ತೋರಿಸಿ, ಝೆರಾಕ್ಸ್ ಕೊಡಿ, ಒರಿಜಿನಲ್ ಚೀಲದಲ್ಲಿ ಹಾಕಿಕೊಂಡು ಬನ್ನಿ. ಒರಿಜಿನಲ್ ಇಲ್ಲದೆ ಕೆಲಸ ಇಲ್ಲ ಅಂದರೆ ಆ ಕೆಲಸ ಬೇಡ.

ಎರಡನೆಯದು ಆಸ್ಪತ್ರೆ ಅಲ್ಲ, ಹೋಮ್ ಕೇರ್ ಏಜೆನ್ಸಿ. ಮನೆಗೆ ಹೋಗಿ ರೋಗಿ ನೋಡಿಕೊಳ್ಳೋದು. ಇದಕ್ಕೆ ಎರಡೂವರೆ ಸ್ಟಾರ್. ವಿದ್ಯಾಗಿರಿಯಲ್ಲಿ ಒಂದು ಮನೆ, ಪಾರ್ಶ್ವವಾಯು ಆದ ಅಜ್ಜ, ಬಲಗಡೆ ಕೈಕಾಲು ಬಿದ್ದಿತ್ತು, ಮಾತು ನಿಂತಿತ್ತು. ಶನಿವಾರ ರಾತ್ರಿ ಮತ್ತು ಭಾನುವಾರ ಹಗಲು, 12 ತಾಸಿಗೆ 600 ರೂಪಾಯಿ. ಮನೆಯವರು ಏಜೆನ್ಸಿಗೆ 900 ಕೊಡುತ್ತಿದ್ದರು ಅಂತ ಆಮೇಲೆ ಸೊಸೆಯೇ ಹೇಳಿದರು. ನಡುವಿನ 300ಕ್ಕೆ ಏಜೆನ್ಸಿ ಏನು ಮಾಡುತ್ತಿತ್ತು ಅಂತ ಕೇಳಿದರೆ, ತಿಂಗಳಿಗೊಮ್ಮೆ ಫೋನ್.

ಆದರೆ ನಿಜ ಹೇಳಬೇಕು ಅಂದರೆ ಈ ಮನೆಯಲ್ಲಿ ನಾನು ಒಂದು ಕೆಲಸವನ್ನು ಪೂರ್ತಿ ಕಲಿತೆ. ಅಜ್ಜನಿಗೆ ಬೆನ್ನ ಕೆಳಗೆ, ಟೇಲ್‌ಬೋನ್ ಹತ್ತಿರ, ಚರ್ಮ ಕೆಂಪಾಗಿತ್ತು. ಬೆರಳಿಂದ ಒತ್ತಿದರೂ ಬಿಳಿ ಆಗುತ್ತಿರಲಿಲ್ಲ. ಅದು ಹುಣ್ಣಿನ ಮೊದಲ ಹೆಜ್ಜೆ, ಚರ್ಮ ಒಡೆಯುವ ಮುಂಚಿನದು. ಎರಡು ತಾಸಿಗೊಮ್ಮೆ ಮಗ್ಗುಲು, ಎಡಕ್ಕೆ, ನೆಟ್ಟಗೆ, ಬಲಕ್ಕೆ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ದಿಂಬು, ಚಾದರದಲ್ಲಿ ಒಂದು ಮಡಿಕೆ ಇರಬಾರದು, ಕೆಂಪಾದ ಜಾಗವನ್ನು ತಿಕ್ಕಿ ಮಾಲೀಶ್ ಮಾಡಬಾರದು. ಮನೆಯವರು ಅದನ್ನೇ ಮಾಡುತ್ತಿದ್ದರು, ಪಾಪ, ರಕ್ತ ಓಡಾಡಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜೋದು. ಒಂದು ನೋಟ್‌ಬುಕ್ಕಿನಲ್ಲಿ ಗಂಟೆ ಬರೆದು ಗೋಡೆಗೆ ತೂಗುಹಾಕಿದೆ, ನಾನಿಲ್ಲದ ದಿನ ಸೊಸೆ ಟಿಕ್ ಹಾಕುತ್ತಿದ್ದರು. ಮೂರು ವಾರಕ್ಕೆ ಕೆಂಪು ಇಳಿಯಿತು. ನನ್ನ ಜೀವನದ ಮೊದಲ ಡ್ಯೂಟಿ ಚಾರ್ಟ್ ನಾನೇ ಬರೆದದ್ದು, ನೋಡಿ, ಒಬ್ಬ ಅಜ್ಜನ ಮಗ್ಗುಲುಗಳದ್ದು.

ಅಜ್ಜನಿಗೆ ಮಾತು ಬರುತ್ತಿರಲಿಲ್ಲ, ನೀರು ಅನ್ನಲೂ ಆಗುತ್ತಿರಲಿಲ್ಲ, ಆದರೆ ಸೊಸೆ ಅಡುಗೆಮನೆಯಲ್ಲಿ ಭಜನೆ ಪದ ಗುನುಗಿದರೆ ಹಾಸಿಗೆಯಿಂದಲೇ ಸಾಲು ಸಾಲಾಗಿ ಸೇರಿಕೊಳ್ಳುತ್ತಿದ್ದರು, ಶಬ್ದಗಳ ಸಮೇತ. ನನಗೆ ಮೈ ಝುಮ್ ಅಂದಿತು. ಟೀಚರ್‌ನ್ನು ಕೇಳಿದಾಗ, ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದವರಲ್ಲಿ ಕೆಲವರಿಗೆ ಹಾಡು ಉಳಿದಿರುತ್ತದೆ ಅಂತ ವಿವರಿಸಿದರು. ಇದನ್ನು ಯಾವ ವಾರ್ಡಿನ ಗಡಿಬಿಡಿಯಲ್ಲಿ ನೋಡಲು ಸಿಗುತ್ತಿತ್ತು?

ಮತ್ತೆ ಯಾಕೆ ಎರಡೂವರೆ? ಯಾಕೆಂದರೆ ನಾನು ಒಬ್ಬಳೇ. ಮೂಗಿನ ನಳಿಕೆಯಲ್ಲಿ ಗಂಜಿ ಕೊಡಬೇಕು, ತಲೆ ಭಾಗ 30 ರಿಂದ 45 ಡಿಗ್ರಿ ಎತ್ತಿರಬೇಕು ಅಂತ ಗೊತ್ತು, ಕೊಡುವ ಮುಂಚೆ ನಳಿಕೆ ಹೊಟ್ಟೆಯಲ್ಲೇ ಇದೆಯಾ ನೋಡಬೇಕು ಅಂತಲೂ ಗೊತ್ತು, ಆದರೆ ಅನುಮಾನ ಬಂದರೆ ಕೇಳಲು ಯಾರಿದ್ದಾರೆ? ರಾತ್ರಿ ಎರಡಕ್ಕೆ ಅಜ್ಜ ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮೊದಲ ಕೆಲಸಕ್ಕೆ ಇದು ಬೇಡವೇ ಬೇಡ. ಮೂರನೇ ವರ್ಷ ಮುಗಿದ ಮೇಲೆ ಬೇಕಾದರೆ ಹೋಗಿ. ಜೊತೆಗೆ ನಿಧಾನಕ್ಕೆ ಪಾತ್ರೆ, ಕಸ, ಮಕ್ಕಳ ಹೋಮ್‌ವರ್ಕ್ ಎಲ್ಲ ನಿಮ್ಮ ತಲೆಗೆ ಬರುತ್ತದೆ. ನನಗೆ ಆ ಮನೆಯವರು ಒಳ್ಳೆಯವರು ಸಿಕ್ಕರು, ರೊಟ್ಟಿ ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದರು. ನಮ್ಮ ಗೆಳತಿಯೊಬ್ಬಳಿಗೆ ಸಿಕ್ಕ ಮನೆಯಲ್ಲಿ ಬಾತ್‌ರೂಮ್ ತೊಳೆಸಿದರು. ಏಜೆನ್ಸಿಗೆ ಹೇಳಿದರೆ "ಹೊಂದ್ಕೊಂಡ್ ಹೋಗವಾ" ಅಂದರಂತೆ.

ನಡುವೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂರು ದಿನ ಟ್ರಯಲ್ ಮಾಡಿದೆ. ಅದಕ್ಕೆ ಸ್ಟಾರ್ ಕೊಡುವಷ್ಟು ನೋಡಿಲ್ಲ. ಮೂರೂ ದಿನ ಸ್ಟ್ರೆಚರ್ ತಳ್ಳಿದೆ, ಲ್ಯಾಬಿಗೆ ಸ್ಯಾಂಪಲ್ ಒಯ್ದೆ. ಲಿಫ್ಟ್‌ಗಳ ಪರಿಚಯ ಚೆನ್ನಾಗಿ ಆಯಿತು. ವಾರದಲ್ಲಿ ಆರು ದಿನ ಬರಲೇಬೇಕು ಅಂದರು, ಓದುವವರಿಗೆ ಅದು ಆಗದ ಮಾತು.

ಈಗ ಇರುವ ಜಾಗ. ಸುಮಾರು 50 ಬೆಡ್ ಆಸ್ಪತ್ರೆ, ಸಣ್ಣ ಐಸಿಯು ಇದೆ. ನಾಲ್ಕು ಸ್ಟಾರ್. ಸಂಬಳ ತಿಂಗಳಿಗೆ 14 ಡ್ಯೂಟಿಗೆ 8,500, ಅದರಲ್ಲಿ ಪಿಎಫ್ 12% ಅಂದರೆ 1,020, ಇಎಸ್‌ಐ 0.75% ಅಂದರೆ 64 ಹೋಗಿ ಕೈಗೆ 7,416. ನಮ್ಮ ಹುಡುಗಿಯರು "ಕಟ್ ಮಾಡ್ತಾರೆ" ಅಂತ ಬೈಯುತ್ತಾರೆ. ಬೈಯಬೇಡಿ. ಇಎಸ್‌ಐಗೆ ಆಸ್ಪತ್ರೆಯವರೂ 3.25% ತಮ್ಮ ಕಡೆಯಿಂದ ಹಾಕಬೇಕು, ಮತ್ತು ಪಿಎಫ್ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರು ಬಂದರೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಯಾರೂ ಅಳಿಸಲಾಗದ ಸಾಕ್ಷಿ ಅದು. ಮೊದಲ ನರ್ಸಿಂಗ್ ಹೋಮಿನಲ್ಲಿ ನಾನು ನಾಲ್ಕು ತಿಂಗಳು ದುಡಿದದ್ದಕ್ಕೆ ಒಂದು ಚೀಟಿಯೂ ಇಲ್ಲ.

ಇಲ್ಲಿಗೆ ಮೊದಲು ಹೋದಾಗ ನಾನು ಸಂಬಳ ಕೇಳಲಿಲ್ಲ. ನರ್ಸಿಂಗ್ ಸ್ಟೇಷನ್ ಪಕ್ಕದ ಗೋಡೆ ನೋಡಿದೆ. ಚಾರ್ಟ್ ಇತ್ತು. ಪೆನ್ನಿನಲ್ಲಿ ಗೆರೆ ಎಳೆದದ್ದು, ಪೂರ್ತಿ ವಾರದ್ದು, ಬೆಳಿಗ್ಗೆ ಎಂಟರಿಂದ ಎರಡು, ಎರಡರಿಂದ ಎಂಟು, ರಾತ್ರಿ ಎಂಟರಿಂದ ಎಂಟು. ಪ್ರತಿ ಹೆಸರಿನ ಮುಂದೆ ಆಫ್ ಯಾವತ್ತು ಅಂತ. ಎರಡು ಹೆಸರಿನ ಎದುರು ಕೆಂಪು ಶಾಯಿಯಲ್ಲಿ ಏನೋ ಬರೆದಿತ್ತು, ಹತ್ತಿರ ಹೋಗಿ ಓದಿದರೆ "ಇಂಟರ್ನಲ್ಸ್, ನೈಟ್ ಬೇಡ". ಅಲ್ಲೇ ನಿರ್ಧಾರ ಮಾಡಿಬಿಟ್ಟೆ. ಯಾರೋ ಒಬ್ಬರು ಕುಳಿತು, ಈ ಹುಡುಗಿಗೆ ಗುರುವಾರ ಪರೀಕ್ಷೆ ಇದೆ ಅಂತ ನೆನಪಿಟ್ಟುಕೊಂಡು ಬುಧವಾರ ರಾತ್ರಿ ಬೇರೆಯವರನ್ನು ಹಾಕಿದ್ದಾರೆ ಅಂದರೆ, ಆ ವಾರ್ಡಿನಲ್ಲಿ ರೋಗಿಗಳ ವಿಷಯವೂ ಯಾರಿಗೋ ನೆನಪಿರುತ್ತದೆ ಅಂತ ನನಗೆ ಅನ್ನಿಸಿತು. ಅನ್ನಿಸಿದ್ದು ಸರಿಯೇ ಆಯಿತು.

ಇನ್‌ಚಾರ್ಜ್ ಸಿಸ್ಟರ್ ಜಮಖಂಡಿ ಕಡೆಯವರು, ಮಾತು ಒರಟು, ನಗೋದು ಅಪರೂಪ. ಶನಿವಾರ ಸಂಜೆ ಐದಕ್ಕೆ ಚಾರ್ಟ್ ಅಂಟಿಸುತ್ತಾರೆ. ಅದಕ್ಕೆ ಮುಂಚೆ ಹೋಗಿ ಹೇಳಿದರೆ ಏನು ಬೇಕಾದರೂ ಹೊಂದಿಸುತ್ತಾರೆ, ಅಂಟಿಸಿದ ಮೇಲೆ ದೇವರೇ ಬಂದರೂ ಬದಲಿಸುವುದಿಲ್ಲ. ಒಬ್ಬರ ಜೊತೆ ಒಬ್ಬರು ಡ್ಯೂಟಿ ಬದಲಿಸಿಕೊಂಡರೆ ಇಬ್ಬರೂ ಸಹಿ ಹಾಕಬೇಕು. ಇಷ್ಟೇ. ಇದರಿಂದ ಆಗುವ ಲಾಭ ಓದುವವರಿಗೇ ಗೊತ್ತು. ನನಗೆ ಮಂಗಳವಾರ ನೈಟ್ ಅಂತ ಶನಿವಾರವೇ ಗೊತ್ತಾದರೆ ಮಂಗಳವಾರ ಮಧ್ಯಾಹ್ನ ಮಲಗುತ್ತೇನೆ, ಬುಧವಾರದ ಸೆಮಿನಾರ್ ಸೋಮವಾರವೇ ಬರೆದಿಡುತ್ತೇನೆ. ರಾತ್ರಿ ಡ್ಯೂಟಿಯಲ್ಲಿ ಕುಳಿತು ಓದುತ್ತೇನೆ ಅನ್ನುವ ಕನಸು ಬಿಡಿ. ಬೆಳಗಿನ ಜಾವ ಮೂರರಿಂದ ಐದರ ನಡುವೆ ಫಾರ್ಮಕಾಲಜಿ ಪುಸ್ತಕ ತೆಗೆದರೆ ಅಕ್ಷರ ಈಜಾಡುತ್ತವೆ.

ಕಲಿಕೆಯ ವಿಷಯಕ್ಕೆ ಬಂದರೆ, ಮೊದಲ ವಾರ ನನ್ನ ಕೈಯಲ್ಲಿ ಉಸಿರು ಎಣಿಸುವುದನ್ನು ಮಾತ್ರ ಮಾಡಿಸಿದರು. ನನಗೆ ಅವಮಾನ ಆದ ಹಾಗಾಯಿತು. "ಎಣಿಸಿ ತೋರ್ಸು" ಅಂದರು. ನಾನು ರೋಗಿಗೆ "ಅಮ್ಮಾ, ಉಸಿರು ನೋಡ್ತೀನಿ" ಅಂದೆ, ಆಕೆ ತಕ್ಷಣ ದೊಡ್ಡ ದೊಡ್ಡ ಉಸಿರು ತೆಗೆಯೋಕೆ ಶುರು ಮಾಡಿದಳು. ಸಿಸ್ಟರ್ ಹಣೆ ಬಡಿದುಕೊಂಡರು. ಪಲ್ಸ್ ಹಿಡಿದಂತೆ ಕೈ ಹಿಡಿದುಕೊಂಡೇ, ಹೇಳದೆ, ಎದೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಬಹಳ ಕಡೆ ನೋಡಿ, ಚಾರ್ಟಿನಲ್ಲಿ ಎಲ್ಲ ರೋಗಿಗಳಿಗೂ 18 ಅಥವಾ 20 ಅಂತ ಬರೆದಿರುತ್ತಾರೆ, ಇಡೀ ವಾರ್ಡ್ ಒಂದೇ ತಾಳಕ್ಕೆ ಉಸಿರಾಡುವ ಹಾಗೆ. ಇಲ್ಲಿ ಹಾಗೆ ಬರೆದರೆ ಸಿಕ್ಕಿಬೀಳುತ್ತೀರಿ. ಒಂದು ರಾತ್ರಿ ಒಬ್ಬರಿಗೆ 30 ಬಂತು, ಮಾತಾಡುತ್ತಾ ಆರಾಮ ಕುಳಿತಿದ್ದರು, ನಾನು ಎರಡು ಸಲ ಎಣಿಸಿ ಓಡಿಹೋಗಿ ಹೇಳಿದೆ. ನ್ಯುಮೋನಿಯಾ ಜಾಸ್ತಿ ಆಗುತ್ತಿತ್ತು. ಬೆಳಿಗ್ಗೆ ಓವರ್ ಕೊಡುವಾಗ, ಅಂದರೆ ಮುಂದಿನ ಡ್ಯೂಟಿಯವರಿಗೆ ರೋಗಿಗಳನ್ನು ಒಪ್ಪಿಸುವಾಗ, ಸಿಸ್ಟರ್ ಎಲ್ಲರ ಮುಂದೆ "ಇಕಿ ಹಿಡದ್ಲು" ಅಂದರು. ಅಷ್ಟೇ ಅಂದದ್ದು. ನನಗೆ ಒಂದು ವಾರ ಸಾಕಾಯಿತು.

ಸೂಜಿಯ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಸಂದರ್ಶನದಲ್ಲಿ ಇದನ್ನು ಕೇಳಲು ಎಲ್ಲರೂ ನಾಚುತ್ತಾರೆ. 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲಿ ಸ್ಪಷ್ಟ ಇದೆ, ಆಸ್ಪತ್ರೆ ತನ್ನ ಕೆಲಸದವರಿಗೆ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು. ಹೆಪಟೈಟಿಸ್ ಬಿ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಇಲ್ಲಿ ಸೇರಿದ ವಾರದಲ್ಲೇ ಮೊದಲ ಡೋಸ್ ಹಾಕಿದರು, ಕಾರ್ಡ್ ಕೊಟ್ಟರು. ಮೊದಲಿನ ಕಡೆ ನಾನು ಕೇಳಿದಾಗ "ನಿಮ್ಮ ಕಾಲೇಜಿನವ್ರು ಹಾಕ್ಸೂದಿಲ್ಲೇನು?" ಅಂದಿದ್ದರು. ಅಲ್ಲಿ ಸೂಜಿಗೆ ಮತ್ತೆ ಎರಡು ಕೈಯಲ್ಲಿ ಕ್ಯಾಪ್ ಹಾಕಿ ಟ್ರೇನಲ್ಲಿ ಬಿಡುತ್ತಿದ್ದರು, ಚುಚ್ಚುವುದು ಬಹಳ ಸಲ ಆಗಲೇ. ಇಲ್ಲಿ ಕ್ಯಾಪ್ ಹಾಕುವ ಹಾಗಿಲ್ಲ, ಸೂಜಿ ನೇರ ಬಿಳಿ ಡಬ್ಬಕ್ಕೆ. ಹಳದಿಗೆ ರಕ್ತದ ಹತ್ತಿ, ಬ್ಯಾಂಡೇಜ್. ಕೆಂಪಿಗೆ ಸಲೈನ್ ನಳಿಕೆ, ಗ್ಲೌಸ್, ಯೂರಿನ್ ಬ್ಯಾಗ್. ನೀಲಿಗೆ ಗಾಜು.

ಆದರೂ ಈ ಮಾರ್ಚ್‌ನಲ್ಲಿ ನನ್ನ ಜೊತೆಯವಳಿಗೆ ಚುಚ್ಚಿತು. ಚಾದರದೊಳಗೆ ಯಾರೋ ಬಿಟ್ಟ ಸೂಜಿ. ನಾನು ಹೆದರಿ ಬೆರಳು ಹಿಂಡೋಕೆ ಹೋದೆ, ಸಿಸ್ಟರ್ ನನ್ನ ಕೈ ಬಡಿದರು. ಹಿಂಡಬಾರದು, ಬಾಯಲ್ಲಿ ಇಡಬಾರದು, ಹರಿಯುವ ನೀರು ಮತ್ತು ಸೋಪು, ಅಷ್ಟೇ. ಹತ್ತು ನಿಮಿಷದಲ್ಲಿ ಪುಸ್ತಕದಲ್ಲಿ ಬರೆದರು, ಯಾರ ಸೂಜಿ ಅಂತ ಹುಡುಕಿ ಆ ರೋಗಿಯ ರಕ್ತ ಪರೀಕ್ಷೆಗೆ ಕಳಿಸಿದರು, ಅವಳನ್ನು ಆಟೋದಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಎಚ್‌ಐವಿ ತಡೆಯುವ ಔಷಧ ಬೇಕಾದರೆ ಆದಷ್ಟು ಬೇಗ, 72 ತಾಸಿನ ಒಳಗೆ ಶುರು ಮಾಡಬೇಕು, 28 ದಿನ ತೆಗೆದುಕೊಳ್ಳಬೇಕು. ಅವಳಿಗೆ ಏನೂ ಆಗಲಿಲ್ಲ. ಆ ಗಾಬರಿಯಲ್ಲೂ ನನಗೆ ಬಂದ ಯೋಚನೆ, ಇದು ಆ 18 ಬೆಡ್ಡಿನ ಕಡೆ ರಾತ್ರಿ ಆಗಿದ್ದರೆ ನಾನು ಯಾರಿಗೂ ಹೇಳದೆ ಬ್ಯಾಂಡೇಜ್ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದೆ.

ಮತ್ತೆ ಒಂದು ಸ್ಟಾರ್ ಯಾಕೆ ಕಡಿಮೆ? ಬಟ್ಟೆ ಬದಲಿಸುವ ರೂಮ್ ತಗಡಿನ ಶೀಟಿನ ಕೆಳಗೆ. ಬಾಗಲಕೋಟೆಯ ಏಪ್ರಿಲ್ ಗೊತ್ತಲ್ಲ, ಅದರೊಳಗೆ ಮಧ್ಯಾಹ್ನ ಎರಡಕ್ಕೆ ಯೂನಿಫಾರ್ಮ್ ಹಾಕಿಕೊಳ್ಳುವಷ್ಟರಲ್ಲಿ ಯೂನಿಫಾರ್ಮ್ ಒದ್ದೆ. ಲಾಕರ್ ಆರು, ನಾವು ಹದಿನೈದು ಜನ. ಸಂಬಳ ಐದನೇ ತಾರೀಖು ಅಂತ ಹೇಳಿ ಹನ್ನೆರಡಕ್ಕೆ ಹಾಕುತ್ತಾರೆ, ಎರಡು ಸಲ ಹದಿನೇಳಾಯಿತು, ಮೆಸ್ಸಿನವರಿಗೆ ನಾನು ಸುಳ್ಳು ಹೇಳಬೇಕಾಯಿತು. ಕ್ಯಾಂಟೀನ್ ಚಹಾದ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ರೋಗಿಗಳ ಕಡೆಯವರು ಕೈಯಲ್ಲಿ ದುಡ್ಡು ತುರುಕಲು ಬರುತ್ತಾರೆ, ತೆಗೆದುಕೊಳ್ಳಬಾರದು ಅಂತ ಬೋರ್ಡ್ ಇದೆ, ಆದರೂ ತೆಗೆದುಕೊಳ್ಳುವವರಿದ್ದಾರೆ, ಆಮೇಲೆ ತೆಗೆದುಕೊಳ್ಳದವರ ಮೇಲೂ ಅನುಮಾನ.

ಓಡಾಟದ ಬಗ್ಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಬಸ್ ಪುಕ್ಕಟೆ, ಊರಿಗೆ ಹೋಗಿ ಬರೋದೂ ಸುಲಭ. ಆದರೆ ರಾತ್ರಿ ಎಂಟಕ್ಕೆ ಡ್ಯೂಟಿ ಬಿಡುವವರು ಒಂದು ಲೆಕ್ಕ ಹಾಕಿಕೊಳ್ಳಿ: ಎಂಟಕ್ಕೆ ಬಿಡುತ್ತಾರೆ ಅಂದರೆ ಎಂಟೂಕಾಲು, ಓವರ್ ಕೊಟ್ಟು ಬಟ್ಟೆ ಬದಲಿಸಿದರೆ ಎಂಟೂವರೆ, ನಂತರ ಬಸ್ಸು. ನಾನು ಹಾಸ್ಟೆಲ್‌ನಿಂದ ನಡೆದು ಹೋಗುವಷ್ಟು ಹತ್ತಿರದ್ದನ್ನೇ ಆರಿಸಿಕೊಂಡೆ. 500 ರೂಪಾಯಿ ಜಾಸ್ತಿ ಕೊಡುವ ಇನ್ನೊಂದು ಕಡೆ ಇತ್ತು, ಹಳೇ ಊರಿನಲ್ಲಿ. ಬೇಡ ಅಂದೆ.

ನೀವು ಹುಡುಕಲು ಹೊರಟಿದ್ದರೆ ಬೆಳಿಗ್ಗೆ ಎಂಟಕ್ಕೆ ಹೋಗಿ, ಡ್ಯೂಟಿ ಬದಲಾಗುವ ಹೊತ್ತು. ಹತ್ತು ಗಂಟೆಗೆ ಎಲ್ಲ ಆಸ್ಪತ್ರೆಯೂ ಚೆಂದ ಕಾಣುತ್ತದೆ. ಎಂಟಕ್ಕೆ ರಾತ್ರಿಯವರ ಮುಖ ನೋಡಿ. ಬೆಡ್ ಪಕ್ಕ ನಿಂತು ಒಬ್ಬೊಬ್ಬ ರೋಗಿಯ ಬಗ್ಗೆ ಹೇಳಿ ಓವರ್ ಕೊಡುತ್ತಾರಾ, ಇಲ್ಲ ಬ್ಯಾಗ್ ಹೆಗಲಿಗೆ ಹಾಕಿಕೊಂಡು "ಎಲ್ಲಾ ಆರಾಮ ಅದಾರ" ಅಂತ ಓಡುತ್ತಾರಾ ನೋಡಿ. ಕೈ ತೊಳೆಯುವ ಸಿಂಕಿನಲ್ಲಿ ಸೋಪು ಇದೆಯಾ. ಕೆಂಪು ಡಬ್ಬದಲ್ಲಿ ಸೂಜಿ ಕಾಣುತ್ತಿದೆಯಾ. ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆ) ನೋಂದಣಿ ಸರ್ಟಿಫಿಕೇಟ್ ರಿಸೆಪ್ಷನ್ ಎದುರು ಹಾಕಿದ್ದಾರಾ, ಅದು ಎಲ್ಲ ಖಾಸಗಿ ಆಸ್ಪತ್ರೆಯಲ್ಲೂ ಕಾಣುವ ಹಾಗೆ ಇರಬೇಕು. ಆಮೇಲೆ ಮ್ಯಾನೇಜರ್‌ಗಿಂತ ಮೊದಲು ಆಯಾನ್ನು ಮಾತಾಡಿಸಿ. "ಅಮ್ಮಾ, ಇಲ್ಲಿ ಹುಡುಗ್ಯಾರು ಎಷ್ಟ್ ದಿನ ಇರ್ತಾರ?" ಅಂದರೆ ಸಾಕು, ಮಿಕ್ಕಿದ್ದು ಆಕೆಯೇ ಹೇಳುತ್ತಾಳೆ, ನೀವು ಬಸ್ಸು ತಪ್ಪಿಸಿಕೊಳ್ಳುವಷ್ಟು.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು, 2013ರ ಕಾನೂನು. ಅದರ ಸದಸ್ಯರ ಹೆಸರು ಗೋಡೆ ಮೇಲಿದೆಯಾ ನೋಡಿಕೊಳ್ಳಿ. ನಾನು ಈಗಿನ ಕಡೆ ಕೇಳಿದಾಗ ಎಚ್‌ಆರ್ ಹುಡುಗ ಗಲಿಬಿಲಿಗೊಂಡ, ಎರಡು ದಿನ ಬಿಟ್ಟು ಹೊಸ ಬೋರ್ಡ್ ಬಂತು. ಬಂತಲ್ಲ, ಅಷ್ಟು ಸಾಕು.

ಬರುವ ತಿಂಗಳು ನಾನು ಬಿಡುತ್ತಿದ್ದೇನೆ, ಮೂರನೇ ವರ್ಷದ ಪೋಸ್ಟಿಂಗ್ ಜೊತೆ ಇದು ಆಗುವುದಿಲ್ಲ. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದಾಗ "ಹೂಂ" ಅಂದರು, ತಲೆ ಎತ್ತಲಿಲ್ಲ. ಮೊನ್ನೆ ಶನಿವಾರದ ಚಾರ್ಟ್ ನೋಡಿದೆ. ನನ್ನ ಹೆಸರಿನ ಕೆಳಗೆ ಒಂದು ಗೆರೆ ಖಾಲಿ ಬಿಟ್ಟು, ಪೆನ್ಸಿಲ್‌ನಲ್ಲಿ "ಹೊಸ ಹುಡುಗಿ, ಗುರುವಾರ ನೈಟ್ ಬೇಡ" ಅಂತ ಬರೆದಿದ್ದರು. ಗುರುವಾರ ಯಾಕೆ ಅಂತ ಕೇಳಿದೆ. ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಶುಕ್ರವಾರ ಬೆಳಿಗ್ಗೆ ಟೆಸ್ಟ್ ಇರುತ್ತದೆ, ಅದು ಅವರಿಗೆ ನೆನಪಿತ್ತು. ಹುಡುಗಿ ಯಾರು ಅಂತ ಇನ್ನೂ ಗೊತ್ತಿಲ್ಲ.